ನೆರೆಗುಳಿ ಉಸಿರು ಹಿಡಿದ ಒಂಬತ್ತು ದಿನ

ಮಳೆಗಾಲದಲ್ಲಿ ನಮ್ಮ ಮನೆಯ ಮಾತುಕಥೆಯೆಲ್ಲ ಬಚ್ಚಲೊಲೆಯ ಮುಂದೆ. ಹಂಡೆಯಡಿಗೆ ದಪ್ಪನೆಯ ಕುಂಟೆಯೊಂದನ್ನು ದೂಡಿಬಿಟ್ಟರೆ ನಡುರಾತ್ರಿವರೆಗೆ ಕೆಂಡಕ್ಕೆ ಬರವಿಲ್ಲ. ಒದ್ದೆ ಕಂಬಳಿ ಒಣಗುವುದೂ ಅಲ್ಲೇ, ಹಲಸಿನ ಬೀಜ ಸುಡುವುದೂ ಅಲ್ಲೇ. 2019ರ ಆಗಸ್ಟಿನ ಆ ವಾರ ತಾಳಗುಪ್ಪದ ನಮ್ಮ ಕಡೆಗೆ ಕರೆಂಟಿರಲಿಲ್ಲ. ವರದೆ ದಂಡೆ ಮೀರಿ ಬೈಲುಗದ್ದೆಗಳನ್ನೆಲ್ಲ ನುಂಗಿ ಕೂತಿದ್ದಳು. ಬೀಸನಗದ್ದೆ, ಮಂಡಗಳಲೆ ಕಡೆಯ ಗದ್ದೆಬೈಲುಗಳು ಕೆಂಪು ಕೆರೆಯಾಗಿದ್ದವು. ಅಣ್ಣನ ಮೊಮ್ಮಕ್ಕಳಿಬ್ಬರು ಒಲೆಯ ಎರಡು ಬದಿಗೆ ಕೂತು, ಬಚ್ಚಲ ಮೂಲೆಯಲ್ಲಿದ್ದ ನೀಲಿ ಡ್ರಮ್ಮನ್ನೇ ನೋಡುತ್ತಿದ್ದರು. ಡ್ರಮ್ಮಿನ ತುಂಬ ನೀರು. ನೀರಿನ ತಳದಲ್ಲಿ ಎರಡು ಮಣ್ಣಿನ ಕುಂಡ, ಕುಂಡಗಳಲ್ಲಿ ಭತ್ತದ ಸಸಿ. ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಮೂರು ಗೀಟು.

"ಚಿಕ್ಕಜ್ಜ, ಹೊರಗೆ ಹೊಳೆ ನೀರಲ್ಲಿ ಭತ್ತ ಕೊಳೀತಿದೆ ಅಂತ ಅಜ್ಜ ತಲೆ ಮೇಲೆ ಕೈ ಹೊತ್ತು ಕೂತಿದಾರೆ. ನೀವು ಒಳಗೂ ಮುಳುಗಿಸಿ ಇಟ್ಟಿದೀರಲ್ಲ!" ಎಂದಳು ದೊಡ್ಡವಳು.

ಹಾಗೆ ಕೇಳಿದ್ದಕ್ಕೆ ಅವತ್ತು ಹೇಳಿದ್ದು ಇದು.

ನನಗಾಗ ಹತ್ತು ವರ್ಷ. ಹೊಳೆಯ ಪಕ್ಕದ ನಾಲ್ಕು ಗದ್ದೆ ನಮ್ಮ ಹೆಸರಿಗೆ ಬಂದು ಬಹಳ ಕಾಲವಾಗಿರಲಿಲ್ಲ. ಅಜ್ಜನ ಕಾಲದಿಂದ ಗೇಣಿಗೆ ಮಾಡಿಕೊಂಡು ಬಂದ ಭೂಮಿ. 1974ರ ಭೂಸುಧಾರಣೆಯ ಕಾನೂನು ಉಳುವವನ ಕೈಗೆ ಕೊಟ್ಟ ಮೇಲೆ ಅಪ್ಪಯ್ಯನ ನಡಿಗೆಯೇ ಬೇರೆಯಾಗಿತ್ತು. ಸಾಗರ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಭತ್ತ ಅಳೆಯುವ ಕೊಳಗದ ತಕರಾರಿನಿಂದಲೇ ಹೊತ್ತಿಕೊಂಡು, 1951ರಲ್ಲಿ ರಾಮಮನೋಹರ ಲೋಹಿಯಾ ಅವರನ್ನು ಸಾಗರಕ್ಕೆ ಕರೆತಂದ ಕಾಗೋಡು ಸತ್ಯಾಗ್ರಹ ನಡೆದ ಸೀಮೆ ಇದು. ಬೆಳೆದದ್ದನ್ನು ಇನ್ನೊಬ್ಬರ ಕೊಳಗಕ್ಕೆ ಸುರಿದು ಬಂದವರಿಗೆ ತಮ್ಮದೇ ಗದ್ದೆಯಲ್ಲಿ ಹೆಚ್ಚು ಬೆಳೆಯಬೇಕೆಂಬ ಆಸೆ ಹುಟ್ಟಿದರೆ ಅದು ಸಹಜ. ಅಪ್ಪಯ್ಯ ಪೇಟೆಗೆ ಹೋಗಿ ಜಯಾ ಭತ್ತದ ಬೀಜ ತಂದರು. ಗಿಡ್ಡ ತಳಿ, ಗೊಬ್ಬರ ಕೊಟ್ಟಷ್ಟೂ ತೆನೆ ತೂಗುವ ತಳಿ. ನಾಲ್ಕೂ ಗದ್ದೆಗೆ ಅದನ್ನೇ ಹಾಕುವುದೆಂದು ಲೆಕ್ಕ ಹಾಕಿದ್ದರು.

ಅಜ್ಜಿ ಒಪ್ಪಲಿಲ್ಲ. "ಮಗಾ, ಮೇಲಿನ ಮಕ್ಕಿಗೆ ಏನು ಬೇಕಾದರೂ ಹಾಕು. ಹೊಳೆಗದ್ದೆಗೆ ಹೊಳೆಯ ಭತ್ತವೇ ಆಗಬೇಕು" ಎಂದಳು. ಹೊಳೆಯ ಭತ್ತ ಎಂದರೆ ನೆರೆಗುಳಿ. ವರದೆಯ ಎರಡೂ ದಂಡೆಯಲ್ಲಿ, ಸೊರಬದ ಕಡೆಯವರೆಗೂ, ನೆರೆ ತಡೆಯುವ ನಾಟಿ ತಳಿಗಳಿದ್ದವು. ಎದಿಕುಣಿ, ಕರಿಜಡ್ಡು ಎಂದೆಲ್ಲ ಹೆಸರು. ನಮ್ಮ ಮನೆಯಲ್ಲಿದ್ದದ್ದು ನೆರೆಗುಳಿ. ಅಕ್ಕಿ ದಪ್ಪ, ಬಣ್ಣ ಕೆಂಪು, ಇಳುವರಿ ಸಾಧಾರಣ. ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ತಾಯಿ ಮಗನ ನಡುವೆ ಎರಡು ದಿನ ಮಾತು ನಿಂತಿತು. ಕೊನೆಗೆ ಮೂರು ಗದ್ದೆಗೆ ಜಯಾ, ಹೊಳೆಗೆ ತೀರ ಹತ್ತಿರದ ಒಂದು ಗದ್ದೆಗೆ ನೆರೆಗುಳಿ ಎಂದು ಇತ್ಯರ್ಥವಾಯಿತು. ಅಜ್ಜಿ ತನ್ನ ಪಾಲಿನ ಸಸಿಮಡಿಯನ್ನು ಅಪ್ಪಯ್ಯನಿಗಿಂತ ಹತ್ತು ದಿನ ಮೊದಲೇ ಹಾಕಿಕೊಂಡಳು. ಈ ಹತ್ತು ದಿನದ ವಿಷಯ ಮುಂದೆ ಬರುತ್ತದೆ.

ವರದೆಯನ್ನು ನೋಡದವರಿಗೆ ಒಂದು ಮಾತು. ತಾಳಗುಪ್ಪದಲ್ಲಿ ನಿಂತರೆ ಹದಿನೈದು ಕಿಲೋಮೀಟರಿನ ಆಚೆ ಶರಾವತಿ ಜೋಗದಲ್ಲಿ 830 ಅಡಿ ಕೆಳಕ್ಕೆ ಧುಮುಕುತ್ತದೆ. ಅದೇ ಮಳೆ ಈಚೆ ಬಿದ್ದರೆ ವರದೆಗೆ ಸೇರುತ್ತದೆ. ವರದೆಗೆ ಧುಮುಕಲು ಜಾಗವಿಲ್ಲ. ಇಕ್ಕೇರಿಯ ಹತ್ತಿರ ವರದಾಮೂಲದಲ್ಲಿ ಕಲ್ಯಾಣಿಯ ನೀರಾಗಿ ಹುಟ್ಟಿ, ಸಮತಟ್ಟಾದ ಬೈಲಿನಲ್ಲಿ ಡೊಂಕುಡೊಂಕಾಗಿ ಉತ್ತರಕ್ಕೆ ನಡೆದು, ಬನವಾಸಿಯನ್ನು ಮೂರು ಕಡೆ ಬಳಸಿ, ಹಾವೇರಿಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಹೊಳೆ. ಮೇಲಿನಿಂದ ಬಂದ ನೀರು ಮುಂದಕ್ಕೆ ಬೇಗ ಸರಿಯುವುದಿಲ್ಲ, ಪಕ್ಕಕ್ಕೆ ಹರಡುತ್ತದೆ. ಹರಡಿದ ನೀರು ಒಂದು ವಾರ, ಹತ್ತು ದಿನ ಅಲ್ಲೇ ನಿಲ್ಲುತ್ತದೆ.

ಆ ವರ್ಷ ಪುಷ್ಯ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗದ್ದೆಯ ಅಂಚುಗಳೇ ಇಲ್ಲ. ನಟ್ಟಿಯಾಗಿ ಬೇರು ಹಿಡಿದಿದ್ದ ಪೈರು ಮೊದಲ ದಿನ ತುದಿ ಕಾಣುತ್ತಿತ್ತು. ಮರುದಿನ ಅದೂ ಇಲ್ಲ. ಅಪ್ಪಯ್ಯ ಕಂಬಳಿಕೊಪ್ಪೆ ಹೊದ್ದು ದಿನಕ್ಕೆ ಮೂರು ಸಲ ಹೋಗಿ, ಬೇಲಿಯ ಗೂಟದಲ್ಲಿ ನೀರಿನ ಗುರುತು ನೋಡಿ ಬರುತ್ತಿದ್ದರು. ಬಂದು ಏನೂ ಹೇಳುತ್ತಿರಲಿಲ್ಲ. ಐದನೆಯ ದಿನ ನೀರಿನ ಮೇಲೆ ಅಲ್ಲಲ್ಲಿ ತಿಳಿಹಳದಿ ಎಲೆಗಳು ತೇಲಿದಂತೆ ಕಂಡವು. "ನೋಡವ್ವ, ಜಯಾ ಮೇಲೆ ಬಂತು!" ಎಂದು ಅಪ್ಪಯ್ಯ ಓಡಿ ಬಂದು ಹೇಳಿದ್ದು ನೆನಪಿದೆ. ನೆರೆಗುಳಿ ಹಾಕಿದ ಗದ್ದೆಯ ಮೇಲೆ ನೀರು ಬಿಟ್ಟರೆ ಇನ್ನೇನೂ ಇರಲಿಲ್ಲ. ಅಜ್ಜಿ ಗೊರಬಿನೊಳಗಿಂದ ತಲೆಯೆತ್ತಿ ನೋಡಿ, "ಎದ್ದು ಓಡ್ತಿದೆ. ಎಲ್ಲಿಗೆ ಓಡ್ತದೆ?" ಎಂದಳು. ನನಗೆ ಅರ್ಥವಾಗಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ನೀರು ಇಳಿದಿತ್ತು. ಒಟ್ಟು ಒಂಬತ್ತು ದಿನ ಮುಳುಗಡೆ. ಜಯಾ ಗದ್ದೆಗಳ ವಾಸನೆ ದೂರದಿಂದಲೇ ಮೂಗಿಗೆ ಬಡಿಯಿತು. ಪೈರು ಉದ್ದವಾಗಿತ್ತು, ಎಳೆಯೆಳೆಯಾಗಿ, ಬಿಳಿಚಿಕೊಂಡು, ನೀರು ಹೋದ ಕಡೆಗೇ ತಲೆಗೂದಲು ಬಾಚಿದಂತೆ ಮಲಗಿತ್ತು. ಕೈಹಾಕಿ ಎಳೆದರೆ ಬುಡದಲ್ಲಿ ಲೊಳಲೊಳ ಬಿಟ್ಟು ಬರುತ್ತಿತ್ತು. ಇನ್ನೊಂದು ಗದ್ದೆಯಲ್ಲಿ ನೆರೆಗುಳಿ ನೋಡಲು ಇನ್ನೂ ಕಡೆ. ಮುಳುಗುವ ದಿನ ಎಷ್ಟಿತ್ತೋ ಅಷ್ಟೇ ಎತ್ತರ. ಎಲೆಯ ಮೇಲೆಲ್ಲ ಕೆಸರಿನ ಗಂಜಿ. ತುದಿಗಳು ಕಂದುಬಣ್ಣಕ್ಕೆ ತಿರುಗಿ ಸುರುಟಿದ್ದವು. ಅಪ್ಪಯ್ಯ ಅಂಚಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಅಜ್ಜಿ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಳು. ಒಂದು ಬುಡ ಕಿತ್ತಳು. ಹೊಳೆಯ ನೀರಲ್ಲೇ ಅದ್ದಿ ತೊಳೆದಳು. ಹೊರಗಿನ ಕೊಳೆತ ಎಲೆಗಳನ್ನು ಈರುಳ್ಳಿ ಸಿಪ್ಪೆ ಬಿಡಿಸಿದಂತೆ ಒಂದೊಂದಾಗಿ ಬಿಡಿಸಿ ಎಸೆದಳು. ಉಳಿದದ್ದು ಕಿರುಬೆರಳಿಗಿಂತ ಸಣ್ಣ ಒಂದು ಕಾಂಡ. ಅದನ್ನು ಎಡಗೈ ಹೆಬ್ಬೆರಳಿನ ಮೇಲೆ ಇಟ್ಟು ಬಲಗೈ ಉಗುರಿನಿಂದ ಉದ್ದಕ್ಕೆ ಸೀಳಿದಳು. ಒಳಗೆ ಊದುಬತ್ತಿಯ ಕಡ್ಡಿಯಷ್ಟು ತೆಳುವಾದ ಸುಳಿ. ಬುಡದಲ್ಲಿ ಬೆಣ್ಣೆಬಿಳಿ, ಮೇಲಕ್ಕೆ ಹೋದಂತೆ ಎಳೆಹಸಿರು. ಹಿಸುಕಿದರೆ ನೀರಾಡಿತು. ಅದನ್ನು ನನ್ನ ಅಂಗೈ ಮೇಲೆ ಇಟ್ಟು ಹೇಳಿದಳು: "ತಮಾ, ಇದು ಸತ್ತಿಲ್ಲ ಕಣ. ಉಸಿರು ಹಿಡಿದು ಮಲಗಿದೆ. ನೀರು ಬಂದಾಗ ಎದ್ದು ಓಡಿದ ಭತ್ತ ಸಾಯ್ತದೆ, ಮಲಗಿದ ಭತ್ತ ಉಳೀತದೆ."

ನೀರು ಇಳಿದ ಆರನೆಯ ದಿನಕ್ಕೆ ಕೆಸರಿನ ನಡುವಿನಿಂದ ಸೂಜಿಯ ಹಾಗೆ ಹೊಸ ಎಲೆ ಬಂತು. ಆಶ್ವೀಜದ ಭೂಮಿ ಹುಣ್ಣಿಮೆಗೆ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ನಸುಕಿನಲ್ಲಿ ನಾವು ಹೋದದ್ದು ಆ ಒಂದೇ ಗದ್ದೆಗೆ. ಬಸುರಿ ಪೈರಿಗೆ ಬಯಕೆಯ ಊಟ ಬಡಿಸಲು ಹೊಳೆಯ ಪಕ್ಕ ಬೇರೆ ಪೈರೇ ಉಳಿದಿರಲಿಲ್ಲ. ಕೊಯ್ಲಾದ ಮೇಲೆ ಬೀಜದ ಭತ್ತವನ್ನು ಹುಲ್ಲಿನ ಮೂಡೆ ಕಟ್ಟಿ ಅಟ್ಟಕ್ಕೆ ಹೊತ್ತವರು ಅಪ್ಪಯ್ಯ. ಅಜ್ಜಿ ಹೇಳಿರಲಿಲ್ಲ. ತಾವಾಗಿಯೇ ಹೊತ್ತರು.

ಇಲ್ಲಿಗೆ ಮೊದಲ ಭಾಗ ಮುಗಿಯಿತು, ಇನ್ನೊಂದು ಹಲಸಿನ ಬೀಜ ಸುಡೋಣ ಎಂದೆ. ಮಕ್ಕಳು ಬಿಡಲಿಲ್ಲ. "ಆ ಭತ್ತಕ್ಕೆ ಮಲಗಬೇಕು ಅಂತ ಹೇಳಿಕೊಟ್ಟವರು ಯಾರು?" ಎಂದು ಸಣ್ಣವನು ಕೇಳಿದ. ನಾನು ಆ ಪ್ರಶ್ನೆಯನ್ನು ಕೇಳಿಕೊಳ್ಳಲು ಹತ್ತು ವರ್ಷ ಹಿಡಿದಿತ್ತು.

ನಾನು ಕೃಷಿ ಓದಲು ಧಾರವಾಡಕ್ಕೆ ಹೋದಾಗ ಅಲ್ಲಿನ ಕೃಷಿ ವಿಶ್ವವಿದ್ಯಾಲಯಕ್ಕೆ ಇನ್ನೂ ಎಳೆಯ ವಯಸ್ಸು, 1986ರಲ್ಲಿ ಆದದ್ದು. ತಾಳಗುಪ್ಪದ ಹುಡುಗನಿಗೆ ಗೋಧಿಯ ಗದ್ದೆ ಹೊಸದು. ಮಾದಲಿ ಮಾಡುವ ಕೆಂಪು ಜವೆಗೋಧಿ, ಚಪಾತಿಯ ಗೋಧಿ ಎರಡನ್ನೂ ಅಲ್ಲಿಯೇ ನೋಡಿದ್ದು. ತಳಿಶಾಸ್ತ್ರದ ಪ್ರಾಕ್ಟಿಕಲ್‌ಗೆ ಗೋಧಿಯ ಕಾಳನ್ನು ಒದ್ದೆ ಬ್ಲಾಟಿಂಗ್ ಕಾಗದದ ಮೇಲೆ ಮೊಳಕೆ ಬರಿಸಿ, ಬೇರಿನ ತುದಿಯನ್ನು ಅಕ್ಕಿಕಾಳಿನ ಅರ್ಧದಷ್ಟು ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವುದರಲ್ಲಿಯೇ ಕೈಚಳಕ. ಹೆಚ್ಚಾದರೆ ಗಾಜು ಒಡೆಯುತ್ತದೆ, ಕಡಿಮೆಯಾದರೆ ಜೀವಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ನನಗೆ ಐದನೆಯ ಸಲಕ್ಕೆ ಸರಿಯಾಗಿ ಬಂತು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ತಿಳಿಗುಲಾಬಿ ಬಯಲಿನಲ್ಲಿ ಕಡುಗೆಂಪು ಕಡ್ಡಿಗಳು, ಯಾರೋ ಮುಷ್ಟಿ ತುಂಬ ಎಸೆದಂತೆ. ಎಣಿಸಿದೆ: 42. ಜವೆಗೋಧಿಯಲ್ಲಿ 28. ನಮ್ಮೂರ ಭತ್ತದಲ್ಲಿ 24. ಒಂದು ಗಿಡ ಗಿಡ್ಡವೋ ಎತ್ತರವೋ, ರೋಗ ತಡೆಯುತ್ತದೋ ಇಲ್ಲವೋ, ಎಲ್ಲದರ ಬರಹವೂ ಈ ವರ್ಣತಂತುಗಳಲ್ಲಿದೆ ಎಂದರು ಮೇಷ್ಟ್ರು.

ಯಾವ ಕಡ್ಡಿಯಲ್ಲಿ ಯಾವ ಗುಣ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅದಕ್ಕೆ ಅವರು ಹೇಳಿದ ಗೋಧಿಯ ಕಥೆ ನನಗೆ ಇಂದಿಗೂ ಬೆರಗು. ಚಪಾತಿಯ ಗೋಧಿ ಮೂರು ಹುಲ್ಲುಗಳ ಸಂಕರದಿಂದ ಆದದ್ದು. ಹಾಗಾಗಿ ಅದರಲ್ಲಿ ಏಳು ಜೋಡಿಯ ಮೂರು ಸಂಸಾರ ಒಂದೇ ಮನೆಯಲ್ಲಿವೆ. ಒಬ್ಬರು ಇಲ್ಲವಾದರೆ ಇನ್ನೊಬ್ಬರು ಹೇಗೋ ಮನೆ ನಡೆಸುತ್ತಾರೆ. ಅಮೆರಿಕದ ಮಿಸ್ಸೂರಿಯಲ್ಲಿ ಅರ್ನೆಸ್ಟ್ ಸಿಯರ್ಸ್ ಎಂಬ ವಿಜ್ಞಾನಿ ಈ ಸವಲತ್ತನ್ನೇ ಹಿಡಿದು, 'ಚೈನೀಸ್ ಸ್ಪ್ರಿಂಗ್' ಎಂಬ ಗೋಧಿಯಲ್ಲಿ 21 ವರ್ಣತಂತುಗಳಲ್ಲಿ ಒಂದೊಂದು ಇಲ್ಲದ ಒಂದೊಂದು ಸಾಲು ಗಿಡ ಬೆಳೆಸಿದ. ಯಾವುದನ್ನು ತೆಗೆದಾಗ ಯಾವ ಗುಣ ಕಾಣೆಯಾಯಿತೋ ಆ ಗುಣದ ಮನೆ ಅಲ್ಲಿ. ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತು ಎಣಿಸಿದ ಕೆಲಸ. ಗೋಧಿಯ ಕಾಂಡಕ್ಕೆ ಬರುವ ಕಪ್ಪು ತುಕ್ಕು ರೋಗವನ್ನು ತಡೆಯುವ ಎಸ್‌ಆರ್2 ಎಂಬ ಜೀನಿನ ವಿಳಾಸವೂ ಈಗ ಗೊತ್ತಿದೆ: 3ಬಿ ಎಂಬ ವರ್ಣತಂತುವಿನ ಗಿಡ್ಡ ತೋಳು. ಆ ಜೀನು ಬಂದದ್ದು ನಮ್ಮ ಜವೆಗೋಧಿಯ ಜಾತಿಯಿಂದಲೇ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಎಡ್ಗರ್ ಮೆಕ್‌ಫ್ಯಾಡನ್ ಎಂಬಾತ ರಷ್ಯಾದ ಜವೆಯೊಂದನ್ನು ಮಾಮೂಲಿ ಗೋಧಿಯ ಜೊತೆ ಕೂಡಿಸಿ ಅದನ್ನು ಹೊರತೆಗೆದ. ಮುಂದೆ ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ಗೋಧಿಗಳ ಮೂಲಕ ಅದು ಲೋಕದ ಎಷ್ಟೋ ಹೊಲಗಳಿಗೆ ಹೋಯಿತು. ಬಡವರ ಮನೆಯ ಹುಗ್ಗಿಯ ಗೋಧಿ ದೊಡ್ಡ ಗೋಧಿಗಳ ಬೆನ್ನಿಗೆ ನಿಂತದ್ದು ಹೀಗೆ.

ಅವತ್ತು ತಡೆಯಲಾರದೆ ಅಜ್ಜಿಯ ಗದ್ದೆಯ ಕಥೆಯನ್ನು ಮೇಷ್ಟ್ರಿಗೆ ಹೇಳಿದೆ. ಪೂರ್ತಿ ಕೇಳಿ, "ಎರಡೂ ಪೈರು ಒಂದೇ ವಯಸ್ಸಿನವಾಗಿದ್ದವೇ?" ಎಂದರು. ಅಜ್ಜಿಯ ಸಸಿಮಡಿ ಹತ್ತು ದಿನ ಮೊದಲು ಹಾಕಿದ್ದು ಎಂದೆ. "ಹಂಗಾದ್ರ ಉಳಿದದ್ದು ತಳಿಯಿಂದಲೋ, ಹತ್ತು ದಿನದ ಬಲದಿಂದಲೋ? ನಿಮ್ಮಜ್ಜಿ ಹೇಳಿದ್ದು ಸುಳ್ಳಂತ ನಾ ಅನ್ನಂಗಿಲ್ಲ. ಅದನ್ನ ತೋರಸೂದು ಹೆಂಗ, ಅದನ್ನ ಹೇಳು" ಎಂದರು. ಮೊದಲು ಬೇಸರವಾಯಿತು. ರಾತ್ರಿ ಹಾಸ್ಟೆಲ್ಲಿನಲ್ಲಿ ಮಲಗಿದಾಗ ಅನಿಸಿತು, ಅಜ್ಜಿಯ ಮಾತನ್ನು ಇಷ್ಟು ಗೌರವದಿಂದ ಕೇಳಿಸಿಕೊಂಡವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ ಎಂದು. ಪರೀಕ್ಷೆಗೆ ಯೋಗ್ಯವೆಂದು ಒಪ್ಪಿದ್ದರು ಅವರು.

ತೋರಿಸುವ ದಾರಿ ಹೀಗೆ. ಮುಳುಗಿ ಉಳಿಯುವ ಭತ್ತವನ್ನೂ ಮುಳುಗಿ ಸಾಯುವ ಭತ್ತವನ್ನೂ ಕೂಡಿಸಬೇಕು. ಮೊಮ್ಮಕ್ಕಳ ಕಾಲಕ್ಕೆ ನೂರಾರು ಗಿಡ ಬೆಳೆಸಬೇಕು. ಎಲ್ಲಕ್ಕೂ ಒಂದೇ ವಯಸ್ಸು. ಅವುಗಳ ಪೀಳಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಉಳಿದವು ಯಾವುವು ಸತ್ತವು ಯಾವುವು ಎಂದು ಬರೆದುಕೊಳ್ಳಬೇಕು. ಆಮೇಲೆ ಅವುಗಳ ವರ್ಣತಂತುಗಳನ್ನು ಓದಬೇಕು.

ವರ್ಣತಂತು ಓದುವುದು ಎಂದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ನಮ್ಮೂರಿನವರಿಗೆ ಅದನ್ನು ಹೇಳಲು ರೈಲು ಇದೆಯಲ್ಲ! ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು ದಾಟಿ ಬರುವ ರೈಲಿಗೆ ತಾಳಗುಪ್ಪವೇ ಕೊನೆ, ಮುಂದೆ ಹಳಿಯಿಲ್ಲ. ನಾನು ಕೊಳ್ಳಿಯ ತುದಿಯಿಂದ ಬಚ್ಚಲ ನೆಲದ ಮೇಲೆ ಎರಡು ಉದ್ದ ರೈಲು ಬರೆದೆ. ಒಂದು ಅಪ್ಪನಿಂದ ಬಂದ ರೈಲು, ಇನ್ನೊಂದು ಅಮ್ಮನಿಂದ ಬಂದದ್ದು. ಭತ್ತದ ಮನೆಯಲ್ಲಿ ಇಂಥ ಹನ್ನೆರಡು ಜೋಡಿ. ಮುಂದಿನ ಪೀಳಿಗೆಗೆ ಬೀಜ ಕಟ್ಟುವ ಮೊದಲು ಎರಡೂ ರೈಲು ಅಕ್ಕಪಕ್ಕ ನಿಂತು, ಎಲ್ಲೋ ಒಂದು ಕಡೆ ಕೊಂಡಿ ಕಳಚಿ, ಅಲ್ಲಿಂದ ಹಿಂದಿನ ಬೋಗಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹೀಗಾದಾಗ ದೂರದೂರದ ಬೋಗಿಗಳು ಬೇರೆಯಾಗುವುದು ಹೆಚ್ಚು. ಪಕ್ಕಪಕ್ಕದ ಬೋಗಿಗಳು ಬೇರೆಯಾಗುವುದು ಅಪರೂಪ. ನಮ್ಮ ಅಜ್ಜಿಯ ಗಂಟು, ಅಂದರೆ ಮುಳುಗಿದರೂ ಉಳಿಯುವ ಗುಣ, ಯಾವ ಬೋಗಿಯಲ್ಲಿದೆ ಎಂದು ಗೊತ್ತಿಲ್ಲ. ಬೋಗಿಗಳ ಬಣ್ಣ ಮಾತ್ರ ಹೊರಗಿನಿಂದ ಕಾಣುತ್ತದೆ. ನೂರಾರು ರೈಲುಗಳನ್ನು ನೋಡಿ, ಗಂಟು ಬಂದಾಗಲೆಲ್ಲ ಹಸಿರು ಬೋಗಿಯೂ ಬಂದಿತ್ತು, ಹಸಿರು ಬೋಗಿ ಇಲ್ಲದಾಗ ಗಂಟೂ ಇರಲಿಲ್ಲ ಎಂದು ಕಂಡರೆ, ಗಂಟು ಇರುವುದು ಹಸಿರು ಬೋಗಿಯ ಆಸುಪಾಸಿನಲ್ಲಿ. ವಿಜ್ಞಾನಿಗಳು ಹಾಕುವ ಗುರುತುಗಳು ಈ ಬೋಗಿಯ ಬಣ್ಣಗಳು. ಹೆಚ್ಚು ಗುರುತು, ಹೆಚ್ಚು ಗಿಡ ನೋಡಿದಷ್ಟೂ ಹುಡುಕುವ ಜಾಗ ಸಣ್ಣದಾಗುತ್ತದೆ.

ಭತ್ತದ ಗಂಟು ಸಿಕ್ಕಿದ್ದು 1996ರಲ್ಲಿ. ಕೆನಾಂಗ್ ಷೂ ಮತ್ತು ಡೇವಿಡ್ ಮ್ಯಾಕಿಲ್ ಎಂಬ ಇಬ್ಬರು, ಮುಳುಗಡೆ ತಡೆಯುವ ಗುಣದ ಬಹುಪಾಲು ಒಂಬತ್ತನೆಯ ವರ್ಣತಂತುವಿನ ಒಂದೇ ಜಾಗದಲ್ಲಿದೆ ಎಂದು ತೋರಿಸಿದರು. ಅದಕ್ಕೆ ಸಬ್1 ಎಂದು ಹೆಸರಾಯಿತು. ಅವರು ಹಿಡಿದುಕೊಂಡ ಭತ್ತ ಎಫ್ಆರ್13ಎ. ಅದು ಒಡಿಶಾದ ಧಾಲಪುಟಿಯಾ ಎಂಬ ನಾಟಿ ಭತ್ತದಿಂದ ಆರಿಸಿದ ತಳಿ. ಎರಡು ವಾರ ಪೂರ್ತಿ ಮುಳುಗಿದರೂ ಏಳುವ ಭತ್ತ. ಅಲ್ಲಿಯೂ ಯಾವುದೋ ನದಿಯ ದಂಡೆಯಲ್ಲಿ ಯಾರದೋ ಅಜ್ಜಿ ಬೀಜ ಕಟ್ಟಿಟ್ಟಿದ್ದಳು ಎಂದೇ ನಾನು ನಂಬಿದ್ದೇನೆ.

ಹತ್ತು ವರ್ಷ ಕಳೆದು 2006ರಲ್ಲಿ ಅದೇ ಷೂ, ಮ್ಯಾಕಿಲ್, ಜೊತೆಗೆ ಪಮೇಲಾ ರೊನಾಲ್ಡ್ ಮತ್ತಿತರರು ಆ ಜಾಗದೊಳಗೆ ಇನ್ನೂ ಇಳಿದು, ಸಬ್1ಎ ಎಂಬ ಒಂದು ಜೀನನ್ನು ಹಿಡಿದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಅಷ್ಟರಲ್ಲಿ ನಾನು ಬಯಲುಸೀಮೆಯ ಊರೊಂದರ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೆ. ಆ ಲೇಖನವನ್ನೂ ಅದರ ಬೆನ್ನಿಗೆ ಬಂದವುಗಳನ್ನೂ ಓದುತ್ತ ಹೋದ ಹಾಗೆ ನನ್ನ ಅಂಗೈಯ ಮೇಲೆ ಆ ಸುಳಿ ಮತ್ತೆ ತಣ್ಣಗೆ ಕೂತಂತಾಯಿತು. ಪೈರು ನೀರಿನಲ್ಲಿ ಮುಳುಗಿದರೆ ಎಥಿಲೀನ್ ಅನಿಲ ಹೊರಹೋಗಲಾರದೆ ಒಳಗೇ ಕಟ್ಟಿಕೊಳ್ಳುತ್ತದೆ. ಮಾಮೂಲಿ ಭತ್ತಕ್ಕೆ ಅದು ಬೆಳೆ, ಎದ್ದು ಮೇಲೆ ಬಾ ಎಂಬ ಸೂಚನೆ. ಅದು ಇದ್ದಬದ್ದ ಹಿಟ್ಟು ಸಕ್ಕರೆಯನ್ನೆಲ್ಲ ಖರ್ಚುಮಾಡಿ ಉದ್ದವಾಗುತ್ತದೆ; ನೀರು ಇಳಿಯುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಸಬ್1ಎ ಇರುವ ಭತ್ತ ಅದೇ ಎಥಿಲೀನ್ ಬಂದಾಗ ಬೆಳವಣಿಗೆಗೆ ತಡೆ ಹಾಕುತ್ತದೆ. ಸಕ್ಕರೆ ಉಳಿಸಿಕೊಂಡು ಸುಮ್ಮನಿರುತ್ತದೆ. ನೀರು ಹೋದ ಮೇಲೆ ಆ ಉಳಿತಾಯದಿಂದ ಹೊಸ ಎಲೆ ಬಿಡುತ್ತದೆ.

ಎದ್ದು ಓಡಿದ ಭತ್ತ ಸಾಯ್ತದೆ, ಮಲಗಿದ ಭತ್ತ ಉಳೀತದೆ.

ಅಜ್ಜಿಯ ಮಾತಿಗೂ ಒಂದು ಎಲ್ಲೆಯಿದೆ ಎಂದು ತಿಳಿದದ್ದು ಆಮೇಲೆ. ಬಾಂಗ್ಲಾದೇಶದಂಥ ಕಡೆ ನೀರು ಎರಡು ವಾರಕ್ಕೆ ಹೋಗುವುದಿಲ್ಲ, ತಿಂಗಳುಗಟ್ಟಲೆ ಆಳವಾಗಿ ನಿಲ್ಲುತ್ತದೆ. ಅಲ್ಲಿ ಮಲಗಿದ ಭತ್ತ ಸಾಯುತ್ತದೆ, ಓಡಿದ್ದೇ ಉಳಿಯುತ್ತದೆ. ಅಲ್ಲಿನ ಆಳನೀರಿನ ಭತ್ತ ನೀರು ಏರಿದಂತೆ ತಾನೂ ಏರುತ್ತದೆ, ದಿನಕ್ಕೆ ಒಂದು ಗೇಣು ಬೆಳೆಯುವುದೂ ಉಂಟು. ಆ ಓಟದ ಜೀನುಗಳನ್ನು ಜಪಾನಿನ ನಗೋಯಾದ ವಿಜ್ಞಾನಿಗಳು 2009ರಲ್ಲಿ ಹನ್ನೆರಡನೆಯ ವರ್ಣತಂತುವಿನಲ್ಲಿ ಹಿಡಿದು ಸ್ನಾರ್ಕೆಲ್ ಎಂದು ಕರೆದರು. ವಿಚಿತ್ರವೆಂದರೆ ಅವೂ ಸಬ್1ಎ ಜೀನಿನ ಬಳಗದವೇ, ಅವನ್ನೂ ಎಬ್ಬಿಸುವುದು ಎಥಿಲೀನೇ. ಒಂದೇ ಸೂಚನೆ ಕೇಳಿ ಒಂದು ಮಲಗುತ್ತದೆ, ಇನ್ನೊಂದು ಓಡುತ್ತದೆ. ಯಾವುದು ಸರಿ ಎಂದು ಹೇಳುವುದು ಆ ಹೊಳೆ. ಅಜ್ಜಿ ತನ್ನ ವರದೆಯನ್ನು ನೋಡಿ ಹೇಳಿದ್ದಳು, ಆ ಮಟ್ಟಿಗೆ ಅವಳ ಮಾತು ಸರಿ.

2009ರಲ್ಲೇ ಇನ್ನೊಂದು ಕೆಲಸವೂ ಆಯಿತು. ಆಂಧ್ರದ ಮಾರುಟೇರಿನಲ್ಲಿ ಹುಟ್ಟಿದ ಸ್ವರ್ಣ ಭತ್ತಕ್ಕೆ ಸಬ್1 ಭಾಗವನ್ನು ಸೇರಿಸಿದ ಸ್ವರ್ಣ-ಸಬ್1 ನಮ್ಮ ದೇಶದ ರೈತರಿಗೆ ಬಿಡುಗಡೆಯಾಯಿತು. ಹಳೆಯ ಕ್ರಮದ ಕೂಡಿಕೆಯೇ. ಆದರೆ ಪ್ರತಿ ಪೀಳಿಗೆಯಲ್ಲೂ ಗಿಡ ದೊಡ್ಡದಾಗುವವರೆಗೆ ಕಾಯದೆ ಎಳೆಸಸಿಯ ಎಲೆಯ ಚೂರಿನಲ್ಲೇ ಹಸಿರು ಬೋಗಿ ಇದೆಯೇ ಎಂದು ನೋಡಿ ಆರಿಸಿದರು. ಊಟಕ್ಕೂ ಪೇಟೆಗೂ ಅದೇ ಸ್ವರ್ಣ, ಮುಳುಗಿದರೆ ಮಾತ್ರ ಧಾಲಪುಟಿಯಾ. ಅಪ್ಪಯ್ಯ ಮೂರು ಗದ್ದೆಯಲ್ಲಿ ಕೇಳಿದ್ದು, ಅಜ್ಜಿ ಒಂದು ಗದ್ದೆಯಲ್ಲಿ ಕೇಳಿದ್ದು, ಎರಡೂ ಒಂದೇ ಕಾಳಿನಲ್ಲಿ. ಇಬ್ಬರೂ ಇದ್ದಿದ್ದರೆ ಎರಡು ದಿನ ಮಾತು ಬಿಡುವ ಪ್ರಮೇಯ ಬರುತ್ತಿರಲಿಲ್ಲ.

"ಹಂಗಾದ್ರೆ ನಮ್ಮ ನೆರೆಗುಳಿಯಲ್ಲೂ ಅದೇ ಜೀನ್ ಇತ್ತಾ?" ಎಂದಳು ದೊಡ್ಡವಳು.

ಇಲ್ಲಿಗೆ ಬರುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಅದನ್ನು ಹೇಳಬೇಕಾದರೆ ಬೀಜ ಬೇಕು. ಅಜ್ಜಿ ಹೋದ ಮೇಲೆ ಹೊಳೆಗದ್ದೆಯನ್ನು ಕೆಲವು ವರ್ಷ ಬೀಳುಬಿಟ್ಟರು. ನಾನು ಧಾರವಾಡದಲ್ಲಿ ಗೋಧಿಯ ವರ್ಣತಂತು ಎಣಿಸುತ್ತಿದ್ದೆ, ಆಮೇಲೆ ನೌಕರಿ ಹುಡುಕುತ್ತಿದ್ದೆ. ರಜೆಗೆ ಬಂದಾಗ ಒಂದು ಹಿಡಿ ಬೀಜ ತೆಗೆದಿಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಒಂಬತ್ತನೆಯ ವರ್ಣತಂತುವಿನ ಸುದ್ದಿ ಓದಿದ ವರ್ಷ ರೈಲು ಇಳಿದವನೇ ಅಟ್ಟ ಹತ್ತಿದೆ. ಮೂಡೆ ಇತ್ತು. ಹುಲ್ಲು ಕಪ್ಪಾಗಿತ್ತು. ಬಿಚ್ಚಿದರೆ ಅರ್ಧ ಹುಳು ತಿಂದ ಹೊಟ್ಟು, ಅರ್ಧ ನೋಡಲು ಗಟ್ಟಿಕಾಳು. ನೂರು ಕಾಳು ಆರಿಸಿ ಒದ್ದೆ ಬಟ್ಟೆಯ ಮೇಲೆ ಹರಡಿ, ಧಾರವಾಡದಲ್ಲಿ ಕಲಿತ ಹಾಗೆಯೇ ದಿನಕ್ಕೆ ಎರಡು ಸಲ ನೀರು ಚಿಮುಕಿಸಿದೆ. ಮಲೆನಾಡಿನ ತೇವದಲ್ಲಿ ಭತ್ತದ ಬೀಜ ವರ್ಷ, ಎರಡು ವರ್ಷಕ್ಕಿಂತ ಜೀವ ಹಿಡಿಯುವುದಿಲ್ಲ ಎಂದು ಪಾಠ ಹೇಳುವವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಕಾದೆ. ಎಂಟನೆಯ ದಿನ ಬಟ್ಟೆಯ ಮೇಲೆ ಬೂಸ್ಟು ಬಂತು. ನೂರರಲ್ಲಿ ಒಂದೂ ಮೊಳೆಯಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನೀನು ಕೇಳಿದ್ದರೆ ಪ್ರತಿ ವರ್ಷ ಒಂದು ಮಡಿ ಹಾಕ್ತಿದ್ದೆ" ಎಂದರು. ನಾನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ವರದೆಯ ದಂಡೆಯ ಯಾವ ಮದುವೆಗೆ ಹೋದರೂ, ಯಾವ ತಿಥಿಗೆ ಹೋದರೂ, ಊಟದ ಪಂಕ್ತಿಯಲ್ಲೇ ಕೇಳುತ್ತಿದ್ದೆ: ನಿಮ್ಮಲ್ಲಿ ನೆರೆಗುಳಿ ಇದೆಯೇ? ಇತ್ತು ಎಂದವರೇ ಹೆಚ್ಚು. 2018ರ ದೀಪಾವಳಿ ಕಳೆದ ಮೇಲೆ ಸೊರಬದ ಕಡೆಯ ನೆಂಟರ ಮನೆಯಲ್ಲಿ, ಎಪ್ಪತ್ತು ದಾಟಿದ ಅತ್ತೆಯೊಬ್ಬರು ಮಾತಾಡದೆ ಎದ್ದು ಪಣತದ ಹಿಂದೆ ಹೋಗಿ ಒಂದು ಸಣ್ಣ ಮೂಡೆ ತಂದರು. ಮನೆಯವರು ಬೇಡವೆಂದರೂ ಹಿತ್ತಲ ಕೆಳಗಿನ ತಗ್ಗಿನಲ್ಲಿ ವರ್ಷ ವರ್ಷವೂ ಒಂದು ಮಡಿ ಹಾಕಿಕೊಂಡು ಬಂದಿದ್ದರಂತೆ. ಒಂದು ಸೇರು ಅಳೆದು ಕೊಟ್ಟು, "ಬೀಜ ಮಾರಬಾರದು ತಮಾ, ದುಡ್ಡು ತೆಗೀಬೇಡ. ಬೆಳೆದ ವರ್ಷ ಎರಡು ಸೇರು ತಂದುಕೊಡು" ಎಂದರು.

ಅದನ್ನೇ ಈಗ ಕುಂಡದಲ್ಲಿ ಹಾಕಿದ್ದೆ. ಎಡಗಡೆಯದು ಅತ್ತೆಯ ನೆರೆಗುಳಿ, ಬಲಗಡೆಯದು ಅಣ್ಣ ಬೆಳೆಯುವ ಪೇಟೆಯ ತಳಿ. ಒಂದೇ ದಿನ ಬಿತ್ತಿದ್ದು, ಒಂದೇ ಮಣ್ಣು. ಮೇಷ್ಟ್ರಿಗೆ ಕೊಡಬೇಕಾಗಿದ್ದ ಉತ್ತರದ ಮೊದಲ ಸಾಲು.

ಅಷ್ಟು ಹೇಳಿ ಬ್ಯಾಟರಿ ಹಾಕಿ ಡ್ರಮ್ಮಿನೊಳಗೆ ತೋರಿಸಿದೆ. ಮೂರನೆಯ ದಿನದ ನೀರಿನಲ್ಲಿ ಎರಡೂ ಸಸಿಗಳ ಎಲೆಗಳು ಬೆಳ್ಳಿಯ ರೇಕು ಹೊದೆಸಿದಂತೆ ಮಿನುಗಿದವು. ಮುಳುಗಿದ ಭತ್ತದ ಎಲೆ ತನ್ನ ಮೈಗೆ ತೆಳ್ಳನೆಯ ಗಾಳಿಯ ಪೊರೆಯೊಂದನ್ನು ಹಿಡಿದುಕೊಂಡಿರುತ್ತದೆ. ಅದು ಕೆಲವು ದಿನದ ಮಟ್ಟಿಗೆ. ಸಣ್ಣವನು ಡ್ರಮ್ಮಿನ ಅಂಚಿಗೆ ಗಲ್ಲ ಊರಿ, ತಾನೂ ಉಸಿರು ಹಿಡಿದು ನಿಂತ.

ಮಕ್ಕಳು ದಿನವೂ ಒಂದು ಗೀಟು ಎಳೆದರು. ಏಳನೆಯ ಗೀಟಿಗೆ ಬಲಗಡೆಯದು ಬಿಳಿಚಿ ನೀರಿನ ಮೇಲಕ್ಕೆ ಅರ್ಧ ದಾರಿ ಬಂದಿತ್ತು. ಎಡಗಡೆಯದು ಕೆಳಗೇ ಇತ್ತು. ಹದಿನಾಲ್ಕನೆಯ ಗೀಟಿನ ದಿನ ಎರಡು ಕುಂಡವನ್ನೂ ಎತ್ತಿ ಅಂಗಳದಲ್ಲಿ ಇಟ್ಟೆವು. ಬಲಗಡೆಯ ಸಸಿ ಕುಂಡದ ಅಂಚಿನಿಂದಾಚೆ ಜೋಲಿತು. ಎಡಗಡೆಯದರಲ್ಲಿ ಹನ್ನೆರಡು ಬುಡ. ಎಲ್ಲ ಎಲೆಯೂ ಕಂದು, ಕೊಳೆತ ವಾಸನೆ. ಅಣ್ಣ ಜಗಲಿಯ ಮೇಲಿಂದ ನೋಡಿ, "ಎರಡೂ ಹೋದವಲ್ಲ" ಎಂದ.

ದೊಡ್ಡವಳು ನನ್ನನ್ನು ಕೇಳಲಿಲ್ಲ. ಎಡಗಡೆಯ ಕುಂಡದಿಂದ ಒಂದು ಬುಡ ಕಿತ್ತು, ತೊಟ್ಟಿಯ ನೀರಲ್ಲಿ ಅದ್ದಿ, ಸಿಪ್ಪೆ ಬಿಡಿಸಿದಂತೆ ಒಂದೊಂದೇ ಎಲೆ ತೆಗೆದಳು. ಹೆಬ್ಬೆರಳ ಮೇಲೆ ಇಟ್ಟು ಉಗುರು ಇಳಿಸಿದಳು. ಸೀಳು ಬಿಡಿಸಿ, ಬೆಳಕಿಗೆ ಹಿಡಿದು, ಹಿಸುಕಿ ನೋಡಿ, ಜಗಲಿಯ ಕಡೆಗೆ ತಿರುಗಿ ಕೂಗಿದಳು:

"ಅಜ್ಜಾ, ಹಸಿ ಇದೆ!"